ಹಸಿರು ಸೀರೆಯ ರಾಣಿ, ಕಂಬಳಿಯ ತೂತು

ನನ್ನ ಕರಿ ಕಂಬಳಿಯಲ್ಲಿ ಒಂದು ತೂತು ಇದೆ. ಹೆಬ್ಬೆರಳು ಹೋಗುವಷ್ಟು. ಸುತ್ತಲಿನ ಉಣ್ಣೆ ಸುಟ್ಟು ಗಟ್ಟಿಯಾಗಿದೆ. ಹೊದ್ದುಕೊಂಡರೆ ತೂತು ಸರಿಯಾಗಿ ಎಡ ಪಕ್ಕೆಲುಬಿನ ಮೇಲೆ ಬರುತ್ತದೆ. ಚಳಿಗಾಳಿ ಊರೆಲ್ಲ ಬಿಟ್ಟು ಅಲ್ಲಿಂದಲೇ ಒಳಗೆ ಬರುತ್ತದೆ.

ಕುರಿ ಸಾಕುವವರ ಮನೆಯಲ್ಲಿ ತೂತು ಕಂಬಳಿ ಹೊದೆಯುವುದು ಎಂದರೆ ಎಣ್ಣೆ ಗಾಣದವನು ಒಣ ತಲೆಯಲ್ಲಿ ತಿರುಗಿದ ಹಾಗೆ. ನನ್ನ ಹೆಂಡತಿ ದೇವಮ್ಮ ಆಗಾಗ ಸೂಜಿ ತೆಗೆದುಕೊಂಡು ಬರುತ್ತಾಳೆ. ನಾನು ಬೇಡ ಅನ್ನುತ್ತೇನೆ.

"ಮಂದಿ ನನಗ ಆಡ್ಕೋತಾರ. ಇಕಿಗೆ ಹೊಲಿಗಿ ಬರಂಗಿಲ್ಲ ಅಂತಾರ."

"ಅನ್ಲಿ ಬಿಡು."

"ನಿನಗೇನು, ನೀ ಗಂಡಸು. ಅನಿಸ್ಕೊಳ್ಳಾಕಿ ನಾ."

ತೂತು ಬಿದ್ದದ್ದು ಶಹಾಪುರದ ಸಿನಿಮಾ ಟೆಂಟಿನಲ್ಲಿ. ಆ ಸಂಜೆಯೇ ದೇವಮ್ಮ ನಮ್ಮ ಮನೆಯಲ್ಲಿ ಉಳಿಯುತ್ತಾಳೋ, ಗಂಟು ಕಟ್ಟಿಕೊಂಡು ತವರಿಗೆ ಹೋಗುತ್ತಾಳೋ ಅನ್ನುವುದು ತೀರ್ಮಾನ ಆಗಿದ್ದು. ಅದನ್ನು ಹೇಳಬೇಕಾದರೆ ಸಿನಿಮಾ ಬಗ್ಗೆ ಹೇಳಬೇಕು, ಕುರಿ ಬಗ್ಗೆಯೂ ಹೇಳಬೇಕು. ಹಿಂದುಮುಂದಾದರೆ ಬೈಯಬೇಡಿ. ನಾನು ಓದಿದ್ದು ಅಷ್ಟಕ್ಕಷ್ಟೇ. ನಿಜಾಮನ ಕಾಲದಲ್ಲಿ ಶಾಲೆಯಲ್ಲಿ ಉರ್ದು ತೀಡಿಸಿದರು. ಬಲಗಡೆಯಿಂದ ಬರೆಯುವುದು ಕಲಿತೆ. ನಿಜಾಮನ ಆಳ್ವಿಕೆ ಹೋಯಿತು. ಹೊಸ ಮಾಸ್ತರರು ಬಂದು ಕನ್ನಡ ಕಲಿ, ಎಡಗಡೆಯಿಂದ ಬರೆ ಅಂದರು. ಎರಡೂ ಕಡೆಯಿಂದ ಹೊರಟು ನಡುವೆ ಎಲ್ಲೋ ನಿಂತೆ. ಅಪ್ಪ ಕೈಗೆ ಕೋಲು ಕೊಟ್ಟು ಕುರಿ ಹಿಂದೆ ಕಳಿಸಿದ. ಕುರಿ ಯಾವ ಕಡೆಯಿಂದ ಹೋದರೂ ಯಾರೂ ಬಡಿಯುವುದಿಲ್ಲ.

ನಮ್ಮದು ಗೋಗಿ. ಶಹಾಪುರ ನಮಗೆ ದೊಡ್ಡ ಊರು. ಸುಗ್ಗಿ ಮುಗಿದ ಮೇಲೆ ಅಲ್ಲಿ ಗುಡ್ಡದ ಕೆಳಗೆ ಬಯಲಿನಲ್ಲಿ ಟೆಂಟು ಹೂಡುತ್ತಾರೆ. ನಮ್ಮಂಥವರಿಗೆ ನೆಲವೇ ಕುರ್ಚಿ. ನಡುವೆ ಉದ್ದಕ್ಕೂ ಒಂದು ಬಟ್ಟೆ ಕಟ್ಟಿರುತ್ತಾರೆ. ಈಚೆ ಗಂಡಸರು, ಆಚೆ ಹೆಂಗಸರು. ಸಿನಿಮಾ ಓಡಿಸುವ ಯಂತ್ರ ಒಂದೇ ಇರುವುದರಿಂದ ಒಂದು ಸುರುಳಿ ಮುಗಿದ ಕೂಡಲೇ ಕಂದೀಲು ಹಚ್ಚುತ್ತಾರೆ. ಎಲ್ಲರೂ ಬೀಡಿ ಸೇದುತ್ತಾರೆ. ರಾಜನ ಕತ್ತಿ ಶತ್ರುವಿನ ಕುತ್ತಿಗೆಯ ಮೇಲೆ ನಿಂತಿರುತ್ತದೆ, ಇತ್ತ ನಾವು ಶೇಂಗಾ ತಿನ್ನುತ್ತಿರುತ್ತೇವೆ.

ಸಂತೆಗೆ ಕುರಿ ಹೊಡೆದುಕೊಂಡು ಹೋದಾಗ ನಾನು ಒಂದು ಸಿನಿಮಾ ನೋಡಿಯೇ ಬರುವುದು. ಉಣ್ಣೆ ತೆಗೆದುಕೊಂಡು ಯಾದಗಿರಿಗೆ ಹೋದರೆ ಅಲ್ಲೊಂದು. ಇಷ್ಟ ಅಂತ ಅಲ್ಲ. ನಡೆದು ನಡೆದು ಕಾಲು ಸೋತಿರುತ್ತದೆ, ಕೂರಲು ಒಂದು ಜಾಗ ಬೇಕು. ಹೀಗೆ ಕೂತು ಕೂತು ಬಹಳ ಸಿನಿಮಾ ಆದವು.

ಯಾದಗಿರಿಯಲ್ಲಿ ನೋಡಿದ ಒಂದು ಹಿಂದೂಸ್ತಾನಿ ಸಿನಿಮಾದಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ದೊಡ್ಡ ಮನೆ, ದೊಡ್ಡ ಮೆಟ್ಟಿಲು, ಹೊತ್ತು ಹುಟ್ಟಿದಾಗಿನಿಂದ ಹಾಡು. ಅವರ ಮನೆಗೆ ಜೋಳ ಎಲ್ಲಿಂದ ಬರುತ್ತದೆ ಎಂದು ನಾನು ಕೊನೆಯವರೆಗೂ ಕಾದೆ. ತೋರಿಸಲೇ ಇಲ್ಲ. ಪಕ್ಕದಲ್ಲಿ ಕೂತ ತೊಗರಿ ವ್ಯಾಪಾರಿ ಮಾತ್ರ ಧೋತರದ ತುದಿಯಲ್ಲಿ ಕಣ್ಣು ಒರೆಸಿಕೊಂಡ. "ಯಾಕ್ರಿ ಸಾವ್ಕಾರ್ರ?" ಅಂದೆ. "ಅಕಿ ಕುಂತ ಕುರ್ಚಿ ನೋಡಪಾ, ಅಂಥಾದ್ದು ನಮ್ಮಪ್ಪಂದು ಒಂದಿತ್ತು," ಅಂದ. ಮಂದಿ ಯಾವುದಕ್ಕೆ ಅಳುತ್ತಾರೆ ಎಂದು ಹೇಳಲು ಆಗುವುದಿಲ್ಲ.

ಇನ್ನೊಂದರಲ್ಲಿ ನಾಯಕ ಕುರಿ ಕಾಯುವವನು. ನಮ್ಮವನು ಎಂದು ಸರಿಯಾಗಿ ಕೂತು ನೋಡಿದೆ. ಅವನು ಮರಿಯನ್ನು ಕುತ್ತಿಗೆ ಹಿಡಿದು ಎತ್ತಿದ. ಅಲ್ಲಿಗೇ ನನ್ನ ಮನಸ್ಸು ಮುರಿಯಿತು. ಹಾಗೆ ಎತ್ತಿದರೆ ನಮ್ಮಪ್ಪ ಬೆನ್ನ ಮೇಲೆ ಕೋಲು ಆಡಿಸುತ್ತಿದ್ದ. ಮೇಲಾಗಿ ನಾಯಕಿ ತಬ್ಬಿಕೊಂಡು ಅತ್ತ ಮರಿಗೆ ಕಿವಿ ಕತ್ತರಿಸಿದ ಗುರುತು ಇತ್ತು, ಹಾಡಿನಲ್ಲಿ ಅದೇ ಮರಿಗೆ ಕಿವಿ ಪೂರಾ ಇತ್ತು. ಯಾರ ಹಿಂಡಿನಿಂದ ಯಾವ ಮರಿ ಬಂತು ಎಂಬ ಲೆಕ್ಕದಲ್ಲಿ ಕಥೆ ತಪ್ಪಿಹೋಯಿತು. ಆ ಸಿನಿಮಾದಲ್ಲಿ ಹಿಂಡು ಪರದೆಯ ಒಂದು ಅಂಚಿನಿಂದ ಆಚೆ ಹೋಗುತ್ತಿದ್ದಾಗ ವಡಗೇರಾ ಕಡೆಯ ಒಬ್ಬ ಮುದುಕ ಎದ್ದು ನಿಂತು, ನಾಲಿಗೆ ಮಡಿಚಿ, ಟರ್ರ್ ಎಂದು ಕುರಿ ತಿರುಗಿಸುವ ಕೂಗು ಹಾಕಿಬಿಟ್ಟ. ಟೆಂಟೆಲ್ಲ ನಕ್ಕಿತು. ನಾನು ನಗಲಿಲ್ಲ. ನನ್ನ ನಾಲಿಗೆಯೂ ಅರ್ಧ ಮಡಿಚಿತ್ತು.

ನಮ್ಮನ್ನು ಮೈಸೂರಿನವರ ಜೊತೆ ಕೂಡಿಸಿದ ಮೇಲೆ ಶಹಾಪುರಕ್ಕೆ ಕನ್ನಡ ಸಿನಿಮಾ ಬರತೊಡಗಿದವು. ನಮ್ಮ ಮಾತಿನ ಸಿನಿಮಾ ಎಂದು ಊರಿಗೆ ಊರೇ ಬಂಡಿ ಕಟ್ಟಿತು. ಅದರಲ್ಲಿ ಮಗ ಅಪ್ಪನಿಗೆ ಕೈಮುಗಿದು, "ತಂದೆಯೇ, ತಾವು ಅಪ್ಪಣೆ ದಯಪಾಲಿಸಬೇಕು" ಅಂದ. ನನ್ನ ಹಿಂದೆ ಕೂತವನು ಪಕ್ಕದವನಿಗೆ ಕೇಳಿದ:

"ಏನಂತಾನ?"

"ಹೋಗ್ತೀನಿ ಅಂತಾನ."

"ಹಂಗಾರ ಹೋಗ್ತೀನಿ ಅನ್ಲಿಕ್ಕೆ ಏನಾಗ್ಯದ ಅವಗ?"

"ಮೈಸೂರವರು ಹಂಗ ಅಂತಾರಂತ. ಹೇಳಿ ಮುಗಸೋದ್ರಾಗ ಬಸ್ಸ ಹೋಗಿರ್ತದ."

ಆದರೂ ಎಲ್ಲರೂ ಕೊನೆಯವರೆಗೆ ಕೂತರು. ಹೊಸ ಬೀಗರ ಮನೆಗೆ ಹೋದಾಗ ಕೂರುತ್ತಾರಲ್ಲ, ಹಾಗೆ.

ಈಗ ಮನೆಯ ಮಾತು. ದೇವಮ್ಮ ನನ್ನ ಸೋದರಮಾವನ ಮಗಳು. ಸುರಪುರ ದಾಟಿ ಬೋನಾಳದವಳು. ಅಲ್ಲಿ ದೊಡ್ಡ ಕೆರೆ, ಕೆರೆ ತುಂಬ ಹಕ್ಕಿ. ಚಿಕ್ಕಂದಿನಿಂದ ಬಲ್ಲವಳು, ಆದ್ದರಿಂದ ನನ್ನನ್ನು ಮದುವೆಗೆ ಮೊದಲೂ ಬೈಯುತ್ತಿದ್ದಳು, ಆಮೇಲೂ ಬೈಯುತ್ತಾಳೆ. ನಾನು ಸಿನಿಮಾ ನೋಡಿ ಬಂದರೆ ಓಣಿಯ ಹೆಂಗಸರೆಲ್ಲ ಉಣ್ಣೆ ನೂಲುತ್ತಾ ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದರು. ನೋಡಿ ಬಂದವನು ಹೇಳಬೇಕು, ಅದು ಪದ್ಧತಿ. ನಾನು ಹೇಳುತ್ತಿದ್ದೆ: "ರಾಜ ಇದ್ದ. ಮಗನ್ನ ಕಳಕೊಂಡ. ಹನ್ನೆರಡು ವರ್ಷಕ್ಕ ಸಿಕ್ಕ. ಮುಗೀತು."

"ಹಾಡು ಇರಲಿಲ್ಲೇನು?" ದೇವಮ್ಮ ಕೇಳುತ್ತಿದ್ದಳು.

"ಇತ್ತು. ಹಾಡಿದ್ರು."

"ಏನಂತ ಹಾಡಿದ್ರು?"

"ಬಾಯಿ ತಗದು ಹಾಡಿದ್ರು."

"ರಾಣಿ ಯಾವ ಸೀರಿ ಉಟ್ಟಿದ್ದಳು?"

ಇಲ್ಲಿ ಒಂದು ತೊಡಕು. ಸಿನಿಮಾದಲ್ಲಿ ಬಣ್ಣ ಇರುವುದಿಲ್ಲ. ರಾಣಿಯೂ, ಆನೆಯೂ, ಹೂವೂ ಎಲ್ಲ ಬೂದಿ ಮತ್ತು ಸುಣ್ಣ. ಅದನ್ನು ಹೇಳಿದರೆ ಮತ್ತೆ ಹತ್ತು ಪ್ರಶ್ನೆ. ಆದ್ದರಿಂದ "ಹಸರು" ಅಂದುಬಿಡುತ್ತಿದ್ದೆ. ಯಾವ ಸಿನಿಮಾಕ್ಕೂ ಹಸಿರೇ.

"ನಿನ್ನ ಕಥಿ ಕೇಳೋದಕ್ಕಿಂತ ಹೋತ ಒದರೋದು ಕೇಳೋದು ಚಲೋ," ಅನ್ನುತ್ತಿದ್ದಳು. "ಹೋತ ಉದ್ದಕ ಒದರ್ತದ."

"ಹಂಗಾರ ನೀನೇ ಬಂದು ನೋಡು."

"ನಾ ಒಲ್ಲೆ," ಅನ್ನುತ್ತಿದ್ದಳು. ಅಷ್ಟು ಕೇಳುವವಳು ಬರಲು ಮಾತ್ರ ಒಲ್ಲೆ. ಅದು ನನಗೆ ತಿಳಿಯುತ್ತಿರಲಿಲ್ಲ.

ಹೋದ ಬೇಸಿಗೆಯಿಂದ ಇನ್ನೊಂದು ಶುರುವಾಗಿತ್ತು. ದೇವಮ್ಮ ಹೊತ್ತು ಮುಳುಗುವುದರೊಳಗೆ ರೊಟ್ಟಿ ಬಡಿದು, ನೀರು ತುಂಬಿ, ಎಲ್ಲ ಮುಗಿಸಿ ಗೋಡೆಗೆ ಆತು ಕೂತುಬಿಡುತ್ತಿದ್ದಳು. ಅವ್ವ ಮೊದಮೊದಲು ಓಣಿಯಲ್ಲೆಲ್ಲ ಹೊಗಳಿದಳು, ಸೊಸೆಯ ಕೈ ಬಲು ಜಲ್ದಿ ಎಂದು. ಆಮೇಲೆ ಸಂಜೆ ಕುರಿ ದೊಡ್ಡಿಗೆ ಬರುವಾಗ ಮರಿ ಬೇರೆ ಮಾಡಲು ಕರೆದರೂ ದೇವಮ್ಮ ಏಳಲಿಲ್ಲ. "ನಮ್ಮ ಬೋನಾಳದಾಗ ಹಕ್ಕಿ ಗೂಡಿಗೆ ಕುಂತ ಮ್ಯಾಲ ಹೆಣ್ಮಕ್ಕಳು ಅಂಗಳಕ್ಕ ಇಳಿಯಂಗಿಲ್ಲ," ಅಂದಳು. ಅಂಥ ಪದ್ಧತಿ ಬೋನಾಳದಲ್ಲಿ ಇಲ್ಲ. ಅದು ನನ್ನ ಅವ್ವನ ತವರು ಕೂಡ.

ಅಪ್ಪ ಸಿಟ್ಟಿನ ಮನುಷ್ಯ, ಮಾತು ಕಡಿಮೆ. ಒಂದು ಸಂಜೆ ಎರಡು ಎಳೆ ಮರಿ ದೊಡ್ಡಿಯ ಹೊರಗೇ ಉಳಿದು ತೋಳದ ಪಾಲಾದವು. ದೇವಮ್ಮನ ಕಾಲ ಹತ್ತಿರವೇ ಹಾದುಹೋಗಿದ್ದವು, ಅವಳು ಹಿಡಿಯಲಿಲ್ಲ. ಬೆಳಗ್ಗೆ ಅಪ್ಪ ನನಗೆ ಹೇಳಿದ: "ಈ ಸಂತಿ ಆದ ಮ್ಯಾಲ ಇಕಿನ್ನ ಬೋನಾಳಕ್ಕ ಬಿಟ್ಟು ಬಾ. ಕೆಲಸ ಮಾಡೋ ಮನಸ್ಸು ಬಂದಾಗ ಬರ್ಲಿ."

ನಮ್ಮಲ್ಲಿ ಹಾಗೆ ಬಿಟ್ಟುಬಂದ ಹೆಂಗಸರು ತಿರುಗಿ ಬರುವುದು ಕಷ್ಟ. ಎರಡೂ ಕಡೆ ಬಿಗುಮಾನ ಬೆಳೆಯುತ್ತದೆ. ದೇವಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಗೋಡೆ ಹಿಡಿದು ಒಳಗಿನ ಕತ್ತಲಿಗೆ ಹೋದಳು.

ನನ್ನ ಬುದ್ಧಿಗೆ ಹೊಳೆದದ್ದು ಒಂದೇ. ಇವಳಿಗೆ ನನ್ನ ಮೇಲೆ ಬೇಜಾರು. ಸಿನಿಮಾ ಅಂದರೆ ಜೀವ, ನಾನು ಕಥೆಯನ್ನು ಸೌದೆ ಕಡಿದ ಹಾಗೆ ಹೇಳುತ್ತೇನೆ, ಅದಕ್ಕೇ ಸಂಜೆಯಾದರೆ ಮುಖ ತಿರುಗಿಸುತ್ತಾಳೆ. ಒಂದು ಸಿನಿಮಾ ತೋರಿಸಿಬಿಟ್ಟರೆ ಸರಿಹೋಗುತ್ತಾಳೆ. ಅವ್ವನಿಗೆ ಹೇಳಿದೆ. ಅವ್ವ ಅಪ್ಪನಿಗೆ, ಶಹಾಪುರದಲ್ಲಿರುವ ತನ್ನ ತಂಗಿಯನ್ನು ನೋಡಿ ಬರುತ್ತೇವೆ ಎಂದಳು. ಚಿಗವ್ವನ ಮನೆ ಟೆಂಟಿಗೆ ಹತ್ತಿರ. ದೇವಮ್ಮ ಒಲ್ಲೆ ಅಂದಳು. "ನೀ ಒಲ್ಲೆ ಅಂದ್ರ ಮಾವ ಹೇಳಿದ್ದು ಖರೆ ಆಗ್ತದ ನೋಡು," ಎಂದಳು ಅವ್ವ. ದೇವಮ್ಮ ಬಂಡಿ ಹತ್ತಿದಳು.

ಚಿಗವ್ವನ ಮನೆಯಿಂದ ಟೆಂಟಿಗೆ ಹೊರಟಾಗ ಕತ್ತಲಾಗಿತ್ತು. ದೇವಮ್ಮ ನನ್ನ ಕಂಬಳಿಯ ತುದಿ ಹಿಡಿದುಕೊಂಡು ಹಿಂದೆ ಬಂದಳು.

"ಬಿಡು, ಮಂದಿ ನೋಡ್ತಾರ," ಅಂದೆ.

"ನೋಡ್ಲಿ."

ನಾನು ಒಳಗೊಳಗೇ ಹಿಗ್ಗಿದೆ. ಸಿನಿಮಾ ನೋಡುವ ಮೊದಲೇ ಸಿಟ್ಟು ಇಳಿಯಿತು ಎಂದುಕೊಂಡೆ. ಬಾಗಿಲಲ್ಲಿ ಅವಳೂ ಅವ್ವನೂ ಹೆಂಗಸರ ಕಡೆ ಹೋದರು. ನಾನು ಈಚೆ ನಡುವಿನ ಬಟ್ಟೆಗೆ ಆತು ಕಂಬಳಿ ಹಾಸಿ ಕೂತೆ. ಕಂದೀಲು ಆರಿಸಿದರು. ಆಚೆ ಕಡೆ ಗದ್ದಲವಾಯಿತು.

"ಅಯ್ಯ, ನನ್ನ ಕೂಸಿನ ಕೈ ತುಳದಳು. ಏ ಬಾಯಿ, ಕಣ್ಣ ಕಾಣಂಗಿಲ್ಲೇನು ನಿನಗ?"

"ಇಲ್ರಿ," ಎಂದಿತು ನನಗೆ ಗೊತ್ತಿದ್ದ ದನಿ. "ಕತ್ತಲಾದ ಮ್ಯಾಲ ಕಾಣಂಗಿಲ್ರಿ."

ಪರದೆಯ ಮೇಲೆ ಬೆಳಕು ಬಿತ್ತು. ತುತ್ತೂರಿ, ನಗಾರಿ, ಏನೇನೋ. ನಾನು ಬಟ್ಟೆಯ ಕಡೆ ತಿರುಗಿದೆ. ಮಂದಿಯ ನಡುವೆ ಹೆಂಡತಿಯ ಹೆಸರು ಕೂಗುವುದು ನಮ್ಮಲ್ಲಿಲ್ಲ.

"ದೇವಮ್ಮ."

"ಹೂಂ."

"ಎಂದಿನಿಂದ?"

"ಬ್ಯಾಸಗಿಯಿಂದ. ಮಳಿಗಾಲದಾಗ ಜರಾ ಚಲೋ ಆಗಿತ್ತು. ಮತ್ತ ಹಂಗ ಆತು."

"ಯಾಕ ಹೇಳಲಿಲ್ಲ?"

"ಕುರುಡಿ ಸೊಸಿನ್ನ ಯಾರು ಇಟ್ಕೋತಾರ? ಸೊಕ್ಕಿನಾಕಿ ಅಂದ್ರ ಬೈತಾರ, ಅಷ್ಟ."

ಅವ್ವ ಪಕ್ಕದಲ್ಲೇ ಇದ್ದಳು. ಅವಳ ದನಿ ಬರಲಿಲ್ಲ. ನಾನು, "ಎದ್ದು ಹೋಗೂಣು?" ಎಂದೆ.

"ಬ್ಯಾಡ. ಬಂದೇವಲ್ಲ. ಏನ್ ನಡದದ ಹೇಳು."

"ಪರದಾ ಕಾಣ್ತದ?"

"ಬೆಳ್ಳನ ಧೋತರ ಒಣ ಹಾಕಿದಂಗ ಕಾಣ್ತದ. ಮಂದಿ ಕಾಣವಲ್ಲರು."

ಅದೊಂದು ತೆಲುಗು ಸಿನಿಮಾ. ಗುರುಮಠಕಲ್ ಕಡೆ ಕುರಿ ಮೇಯಿಸಲು ಹೋಗಿ ನನಗೆ ತೆಲುಗು ತಿಳಿಯುತ್ತದೆ. ಶಹಾಪುರದ ಮಂದಿಗೆ ಅಷ್ಟಾಗಿ ಇಲ್ಲ. ನಾನು ಹೇಳತೊಡಗಿದೆ. "ರಾಜ ಇದ್ದಾನ. ಬ್ಯಾಟಿಗೆ ಹೊಂಟಾನ."

"ಎಂಥಾ ಕುದರಿ?"

ನನ್ನ ಬಾಯಿಗೆ ಹಳೆಯ ಉತ್ತರವೇ ಬಂತು, ಕುದುರೆ ಅಂದರೆ ಕುದುರೆ ಎಂದು. ಬಟ್ಟೆಯ ಆಚೆ ಅವಳು ಕತ್ತಲಲ್ಲಿ ಕೂತದ್ದು ನೆನಪಾಯಿತು. ಪರದೆಯ ಕಡೆ ತಿರುಗಿ ಕುದುರೆಯನ್ನು ನೋಡಿದೆ. ಅಲ್ಲಿಯವರೆಗೆ ನಾನೂ ಸಿನಿಮಾದಲ್ಲಿ ಒಂದು ಕುದುರೆಯನ್ನು ಸರಿಯಾಗಿ ನೋಡಿರಲಿಲ್ಲ. "ಹಣೀಮ್ಯಾಲ ಬಿಳಿ ಮಚ್ಚಿ ಅದ. ಕುತ್ತಿಗಿಗೆ ಗೆಜ್ಜಿ. ಹಿಂದಿನ ಎಡಗಾಲು ಜರಾ ಎಳೀತದ, ಲಾಳ ಸಡ್ಲ ಆಗಿರಬೇಕು."

"ಆಮ್ಯಾಲ?"

"ಏ ತಮ್ಮ, ಬಾಯಿ ಮುಚ್ಚು," ಎಂದ ಪಕ್ಕದಲ್ಲಿ ಬೀಡಿ ಸೇದುತ್ತಿದ್ದವನು. ನಾನು ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ, "ಪರದಾದಾಗಿನ ಮುದುಕಿ ಏನಂದಳು?" ಎಂದು ಕೇಳಿದ. ಹೇಳಿದೆ. ಆಮೇಲೆ ಹಿಂದಿನಿಂದ ಯಾರೋ, "ಜರಾ ಜೋರಾಗಿ ಹೇಳ್ರಿ," ಅಂದರು. ರಾಣಿ ಕಾಡಿನಲ್ಲಿ ಒಬ್ಬಳೇ ಉಳಿದಳು. ಹಾಡು ಶುರುವಾಯಿತು. ಹಾಡೆಂದರೆ ನಾನು ಕಾಲು ಚಾಚಿ ಆಕಳಿಸುವವನು. ಈಗ ಬಾಯಿ ಬಿಡಬೇಕಾಯಿತು. "ಮರಕ್ಕ ಹಣಿ ಹಚ್ಚಿ ನಿಂತಾಳ. ಹಾಡ್ತಾಳ. ಏ ಮರ, ನೀ ಯಾರ ದಾರಿ ಕಾಯಾಕತ್ತಿ, ನಾನೂ ಕಾಯಾಕತ್ತೀನಿ ಅಂತಾಳ. ಒಂದು ಹಕ್ಕಿ ಬಂದು ಕುಂತದ ಮ್ಯಾಲ."

"ಎಂಥಾ ಹಕ್ಕಿ?"

"ನಿಮ್ಮೂರ ಕೆರಿ ಹಕ್ಕಿ ಹಂಗ, ಉದ್ದ ಕುತ್ತಿಗೀದು."

ಆಮೇಲೆ, "ಸೀರಿ?" ಎಂದಳು.

"ಹಸರು."

"ಹಸರಲ್ಲ ತಮ್ಮ," ಆಚೆಯಿಂದ ಇನ್ನೊಂದು ಹೆಂಗಸಿನ ದನಿ. ಮಗುವಿನ ಕೈ ತುಳಿಸಿಕೊಂಡವಳೇ. "ಕೆಂಪು ಅದು. ನಾ ನೋಡಾಕತ್ತೀನಿ."

"ಎಲ್ಲಿ ಕೆಂಪು ಯವ್ವಾ, ನೀಲಿ. ಗುಳೇದಗುಡ್ಡ ಖಣದ ಕುಬಸ ಅದರ ಮ್ಯಾಲ," ಎಂದಳು ಮತ್ತೊಬ್ಬಳು.

"ಹಸರ ಇರಬೇಕು ಬಿಡ್ರಿ," ಎಂದಳು ನನ್ನ ಅವ್ವ. ಆಗ ಅವಳ ದನಿ ಬಂತು. "ಅಂವ ಹಸರು ಅಂದಾನಲ್ಲ."

ಬೂದಿ ಬಣ್ಣದ ಸೀರೆಗೆ ಮೂರು ಬಣ್ಣದ ಜಗಳ. ಗಂಡಸರ ಕಡೆಯೂ ಎರಡು ಪಕ್ಷವಾಯಿತು. ಸುರುಳಿ ಮುಗಿದು ಕಂದೀಲು ಹಚ್ಚಿದಾಗ ನೋಡಿದರೆ ಪಕ್ಕದವನ ಬೀಡಿ ನನ್ನ ಕಂಬಳಿಯ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ನಾನು ಕೈಯಲ್ಲಿ ಉಜ್ಜಿ ಆರಿಸಿ, ಮಡಿಚಿ ಇಟ್ಟೆ. ಯಾರಿಗೂ ಹೇಳಲಿಲ್ಲ. ಹೇಳುವಂಥ ದೊಡ್ಡ ಮಾತು ಆ ಹೊತ್ತು ಬೇರೆ ಇತ್ತು.

ಬೆಳಗ್ಗೆ ಬಂಡಿಯಲ್ಲಿ ಅವ್ವ ತಾನಾಗಿ ಮಾತು ತೆಗೆದಳು. "ಬ್ಯಾಸಗ್ಯಾಗ ಹಸರು ಸೊಪ್ಪು ತಪ್ಪಲ ಸಿಗದ ಕುರಿ ಸಂಜಿಗೆ ಕಲ್ಲಿಗೆ ಎಡವತಾವ. ಅವಕ್ಕೂ ಇದ ಆಗಿರ್ತದ. ನಾವು ಕುರಿಗಿ ಆಗಿದ್ದು ಕಂಡ್ರ ತಪ್ಪಲ ತರ್ತೀವಿ, ಮನಿ ಕೂಸಿಗಿ ಆಗಿದ್ದು ಕಾಣಲಿಲ್ಲ." ನನ್ನ ಕಡೆ ನೋಡಿದಳು. "ನೀನೂ ಕುರಿ ಕಾಯಾಂವ ಅನ್ನು."

ದೇವಮ್ಮ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಹಗಲು ಅವಳಿಗೆ ಎಲ್ಲ ಕಾಣುತ್ತದೆ, ನನ್ನ ಮುಖವೂ ಕಂಡಿರಬೇಕು.

ಇರುಳುಗಣ್ಣಿಗೆ ನಮ್ಮವರ ಮದ್ದು ಕುರಿಯ ಕಲೇಜಿ, ಓದಿದವರು ಯಕೃತ್ತು ಅನ್ನುವುದು. ಕೆಂಡದ ಮೇಲೆ ಸುಟ್ಟು ತಿನ್ನಬೇಕು, ಜೊತೆಗೆ ನುಗ್ಗೆ ಸೊಪ್ಪು. ಆದರೆ ಕಲೇಜಿ ನಮ್ಮಲ್ಲಿ ಗಂಡಸರ ಪಾಲು. ಕುರಿ ಕೊಯ್ದ ಕೂಡಲೇ ಅಂಗಳದಲ್ಲೇ ಬೆಂಕಿ ಮಾಡಿ, ಸುಟ್ಟು, ಉಪ್ಪು ಹಚ್ಚಿ ಗಂಡಸರು ತಿಂದುಬಿಡುತ್ತಾರೆ. ಒಲೆಗೆ ಬರುವುದು ಎಲುಬು ಮತ್ತು ಸಾರಿನ ತುಂಡು. ಹೆಂಗಸರು ಅದನ್ನು ಕೇಳಿದ್ದನ್ನು ನಾನು ಕಂಡಿಲ್ಲ.

ಆ ಆದಿತ್ಯವಾರ ಅವ್ವ ಒಂದು ಕುರಿ ಕೊಯ್ಯಿಸಿದಳು. ಹಬ್ಬ ಇರಲಿಲ್ಲ. ಅಪ್ಪ ಎಂದಿನಂತೆ ಬೆಂಕಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಅವ್ವ ಕಲೇಜಿ ತಿರುವಿ ಹಾಕುವುದನ್ನು ನೋಡಿ ಅಂಗೈ ಚಾಚಿದ. ಅವ್ವ ಅದನ್ನು ಎಲೆಯ ಮೇಲೆ ಇಟ್ಟು, ಆ ಅಂಗೈ ದಾಟಿಸಿ, ದೇವಮ್ಮನ ಮುಂದೆ ಇಟ್ಟಳು.

"ಏನಿದು?" ಎಂದ ಅಪ್ಪ.

"ಅಕಿಗೆ ಇರಳಗಣ್ಣ ಆಗ್ಯದ. ಮರಿ ಹೋದ ಸಂಜಿ ಅಕಿಗೆ ಕಂಡೇ ಇಲ್ಲ. ನಿಮಗ ಎಲ್ಲಾ ಕಾಣ್ತದಲ್ಲ, ನಿಮಗ್ಯಾಕ?"

ದೇವಮ್ಮ ತಲೆ ಎತ್ತಲಿಲ್ಲ, ತುಂಡು ಮುಟ್ಟಲಿಲ್ಲ. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡು ಮೀಸೆಗೆ ಒರೆಸಿದ, ತಿಂದವನ ಹಾಗೆ. "ಉಪ್ಪು ಹಚ್ಚಿ ಕೊಡು," ಎಂದ. "ಬರೇ ಹೆಂಗ ತಿಂತಾಳ." ಬೋನಾಳದ ಮಾತು ಮತ್ತೆ ಎತ್ತಲಿಲ್ಲ. ಸಂತೆಗೆ ಹೋದಾಗೆಲ್ಲ ತಾನೇ ಕಟುಕರ ಅಂಗಡಿಯಿಂದ ಮುತ್ತುಗದ ಎಲೆಯಲ್ಲಿ ಕಲೇಜಿ ಕಟ್ಟಿಸಿಕೊಂಡು ಬಂದು, ಏನೂ ಹೇಳದೆ ಒಲೆಯ ಮುಂದೆ ಇಟ್ಟು ಹೋಗುತ್ತಿದ್ದ.

ಕೆಲವು ವಾರ ಕಳೆದವು. ಒಂದು ಸಂಜೆ ನಾನು ದೊಡ್ಡಿಯಿಂದ ಬಂದು ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದೆ. ದೀಪ ಹಚ್ಚಿ ಆಗಿತ್ತು. ದೇವಮ್ಮ ಒಳಗಿನಿಂದ ಬಂದು ನನ್ನ ಮುಂದೆ ನಿಂತಳು.

"ಇದ್ಯಾವಾಗ ಸುಟ್ಟೀ?"

"ಯಾವುದು?"

"ಇದು," ಎಂದು ಬಗ್ಗಿ, ತಡಕಾಡದೆ, ನೆಟ್ಟಗೆ ತೂತಿನೊಳಗೆ ಬೆರಳು ಹಾಕಿದಳು. ಬೆರಳು ನನ್ನ ಪಕ್ಕೆಗೆ ತಾಗಿತು. ಅಷ್ಟರಲ್ಲಿ ದೊಡ್ಡಿಯ ಹತ್ತಿರ ಮರಿಯೊಂದು ಕೂಗಿತು. ಅವಳು ಎದ್ದು ಹೋಗಿ, ಕತ್ತಲಲ್ಲಿ ಅದನ್ನು ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಿ, ಒಳಗೆ ಬಿಟ್ಟಳು. ಆ ಸಿನಿಮಾದಲ್ಲಿ ಕುರಿ ಕಾಯುತ್ತಿದ್ದ ನಾಯಕನಿಗಿಂತ ಚೆನ್ನಾಗಿ ಎತ್ತಿದಳು. ಆ ತೂತನ್ನು ನಾನು ಹೊಲಿಸುವುದಿಲ್ಲ.

ಟೆಂಟು ಕೀಳುವ ಮೊದಲು ಅದೇ ತೆಲುಗು ಸಿನಿಮಾವನ್ನು ಇನ್ನೊಮ್ಮೆ ತಂದರು. ಹೋದೆವು. ಈ ಸಲ ದೇವಮ್ಮ ಕಂಬಳಿ ಹಿಡಿಯಲಿಲ್ಲ, ನನಗಿಂತ ಮುಂದೆ ನಡೆದಳು. ನಾನು ಅದೇ ಜಾಗದಲ್ಲಿ ಬಟ್ಟೆಗೆ ಆತು ಕೂತೆ. ಹೇಳುವ ಕೆಲಸ ಇರಲಿಲ್ಲ. ಕುದುರೆ ಹೋಯಿತು. ರಾಣಿ ಕಾಡಿಗೆ ಬಂದಳು, ಮರಕ್ಕೆ ಹಣೆ ಹಚ್ಚಿದಳು. ಈಗ ಬೈಗುಳ ಬರುತ್ತದೆ ಎಂದು ಕಾದೆ. ಮದುವೆಯಾದಂದಿನಿಂದ ಎಲ್ಲ ರಾಣಿಯರಿಗೂ ಹಸಿರು ಉಡಿಸಿದವನು ನಾನು. ಅವಳ ಮುಂದೆ ಈಗ ಬೂದಿ ಮತ್ತು ಸುಣ್ಣ ಬಿಟ್ಟರೆ ಏನೂ ಇಲ್ಲ.

ಹಾಡು ಮುಗಿಯುತ್ತಾ ಬಂತು. ಬಟ್ಟೆ ಅಲುಗಿತು. ಅವಳು ಆ ಕಡೆಯಿಂದ ಬಾಯಿ ಹತ್ತಿರ ತಂದಿದ್ದಳು.

"ಏನ?" ಎಂದೆ.

"ಹಸರೇ ಅದ," ಎಂದಳು.